ಮುಚ್ಚಳ ಬಿಡದ ಕೈಗಡಿಯಾರ

ಸಮುದ್ರದಲ್ಲಿ ಮುಳುಗು ಹಾಕುವವರು ಕಟ್ಟುವ ಕೈಗಡಿಯಾರದ ನಕಲೊಂದು ಖಾದರ್ ಸಾಹೇಬರ ರಿಪೇರಿ ಅಂಗಡಿಗೆ ಬಂತು. ನಕಲು ಎಂದರೆ, ನೋಡಲು ಥೇಟ್ ಅಸಲಿನಂತೆಯೇ. ಒಳಗಿನ ಸರಕು ಮಾತ್ರ ಅಗ್ಗದ್ದು. ‘ಇನ್ನೂರು ಮೀಟರ್ ಆಳದಲ್ಲೂ ನೀರು ಒಳಹೋಗದು’ ಎಂದು ಅದರ ಮುಖದ ಮೇಲೆ ಬರೆದಿತ್ತು. ಮರುದಿನ ಅದು ಒಡೆಯನ ಜೊತೆ ಸಮುದ್ರಕ್ಕೆ ಇಳಿಯಬೇಕಿತ್ತು. ನೀರು ತಡೆಯುತ್ತದೆಯೋ ಇಲ್ಲವೋ ನೋಡಿಕೊಡಿ ಎಂದು ಅವನು ಕೊಟ್ಟು ಹೋಗಿದ್ದ.

ಗಡಿಯಾರದ ಬೆನ್ನಿನ ಮುಚ್ಚಳದಡಿಯ ರಬ್ಬರ್ ವಾಷರ್, ಅಂದರೆ ನೀರನ್ನು ನಿಜವಾಗಿ ತಡೆಯುವ ಬಳೆ, ಹೇಳಿತು: “ಅಣ್ಣಾ, ನಾನು ಒಣಗಿ ಬಿರುಕು ಬಿಟ್ಟಿದ್ದೇನೆ. ಸಾಹೇಬರು ಮುಚ್ಚಳ ತೆಗೆಯಲಿ ಬಿಡು. ನನ್ನನ್ನು ಬದಲಿಸುತ್ತಾರೆ.”

“ಸುಮ್ಮನಿರೋ. ತೆಗೆದರೆ ಒಳಗಿನ ಬಡತನ ಕಾಣುತ್ತದೆ. ನನ್ನ ಮುಖ ನೋಡಿದ ಯಾರೂ ಇಂದಿನವರೆಗೆ ಎದುರಾಡಿಲ್ಲ,” ಎಂದಿತು ಗಡಿಯಾರ.

ಸಾಹೇಬರು ಮುಚ್ಚಳ ತಿರುಗಿಸಲು ನೋಡಿದರು. ಗಡಿಯಾರ ಹಲ್ಲು ಕಚ್ಚಿ ಹಿಡಿಯಿತು. “ಬಿಗಿಯಾಗಿಯೇ ಇದೆಯಲ್ಲ,” ಎಂದುಕೊಂಡು ಅವರು ಅದನ್ನು ಲೋಟದ ನೀರಿಗೆ ಇಳಿಸಿದರು.

“ನೀರಮ್ಮಾ, ಮೊದಲು ನನ್ನ ಮುಖ ಓದು, ಆಮೇಲೆ ದೂರ ನಿಲ್ಲು,” ಎಂದಿತು ಗಡಿಯಾರ.

“ನನಗೆ ಓದು ಬರುವುದಿಲ್ಲ ಮಗಾ. ಸಂದಿ ಹುಡುಕುವುದೊಂದೇ ಬರುವುದು,” ಎಂದ ನೀರು ಅದರ ಸುತ್ತ ಒಮ್ಮೆ ಸುತ್ತಿ ಬಂದು, ಬಿರುಕು ಸಿಕ್ಕಲ್ಲಿ ಒಳಗೆ ಹೋಯಿತು. ಮುಳ್ಳುಗಳು ನಿಂತವು.

ಸಾಹೇಬರು ಗಡಿಯಾರವನ್ನು ಎತ್ತಿ, ಈ ಸಲ ಇಕ್ಕಳ ಹಾಕಿ ಮುಚ್ಚಳ ತಿರುಗಿಸತೊಡಗಿದರು. ಒಳಗಿನಿಂದ ವಾಷರ್ ಹೇಳಿತು: “ನನ್ನನ್ನು ಬದಲಿಸಲು ನೀನು ತೆಗೆಯಗೊಡದ ಮುಚ್ಚಳವನ್ನು, ಅಣ್ಣಾ, ಈಗ ನೀರು ಚೆಲ್ಲಲು ತೆಗೆಯುತ್ತಿದ್ದಾರೆ.”