ಬರದೇ ‘ಬಂದೆ’ ಅಂದವರು

“ಇನ್ನು ಮೇಲೆ ನಮ್ಮ ಸೀಮೆಯಲ್ಲಿ ಒಂದು ಗಳಿಗೆಯೂ ಹಾಳಾಗಲ್ಲ,” ಅಂದ ಸಿಡಿಲಗುಡ್ಡದ ಪಾಳೇಗಾರ ಭೈರನಾಯಕ. “ಕಾಲವನ್ನೇ ಹಿಡಿದು ಬಟ್ಟಲಿಗೆ ಹಾಕಿದ್ದೇವೆ.”

ಹಾಕಿದ್ದೂ ನಿಜವೇ. ಯಾರೋ ಜೋಯಿಸರು ತಂದುಕೊಟ್ಟ ಗಳಿಗೆ ಬಟ್ಟಲು ಚಾವಡಿಯ ನಡುವೆ, ನೀರು ತುಂಬಿದ ಕೊಪ್ಪರಿಗೆಯಲ್ಲಿ ತೇಲುತ್ತಿತ್ತು. ತಳದ ಸಣ್ಣ ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ. ಮುಳುಗಿದಾಗ ಒಬ್ಬ ಜಾಗಟೆ ಬಾರಿಸಿ, ಬಟ್ಟಲನ್ನು ಎತ್ತಿ ಮತ್ತೆ ತೇಲಿಬಿಡುತ್ತಿದ್ದ. ಚಾವಡಿಯವರೆಲ್ಲ ತಲೆದೂಗಿದರು. ಅವರಿಗೆ ಉಂಬಳಿ ಕೊಟ್ಟಿದ್ದದ್ದೇ ತಲೆದೂಗುವುದಕ್ಕೆ.

ಓಬಳಯ್ಯ ಮಾತ್ರ ಬಗ್ಗಿ ನೋಡಿದ. ನಾಯಕನ ಆಸ್ಥಾನದಲ್ಲಿ ಅವನಿಗೆ ಇಂಥದೇ ಕೆಲಸ ಅಂತ ಇರಲಿಲ್ಲ. ಬಾಯಿ ಇತ್ತು, ಅದರಿಂದಲೇ ಬದುಕಿದ್ದ.

“ತೂತಾಗಿದೆ, ಬುದ್ಧಿ.”

“ತೂತು ಇರಲೇಬೇಕಯ್ಯಾ.”

“ಹಾಗೋ. ನಾನು ಕಂಚುಗಾರನ್ನ ಹಿಡಿಸೋಣ ಅಂತಿದ್ದೆ.”

ನಾಯಕ ನಗಲಿಲ್ಲ. ಬಟ್ಟಲು ಬಂದ ಮೇಲೆ ನಗುವುದನ್ನೂ ಬಿಟ್ಟಿದ್ದ. ಅದಕ್ಕೂ ಹೊತ್ತು ಹಿಡಿಯುತ್ತದಲ್ಲ. ಬೆಳಗಿನಿಂದ ಸಂಜೆವರೆಗೆ ಕೊಪ್ಪರಿಗೆ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಯಾರ ಹೊತ್ತು ಎಲ್ಲಿ ಸೋರುತ್ತಿದೆ ಅಂತ ಹುಡುಕುವುದೇ ಅವನ ಕೆಲಸವಾಯಿತು. ಬೇರೆಯವರ ಹೊತ್ತು ಹಾಳಾಯಿತೋ ಬಿಟ್ಟಿತೋ, ಅವನದಂತೂ ಪೂರ್ತಿ ಅಲ್ಲೇ ಹೋಯಿತು.

ಮೊದಲು ಸಿಕ್ಕಿಬಿದ್ದವನು ಅಡಪದ ಹನುಮ. ಅವನ ಅಪ್ಪನೂ ಅರಮನೆಯಲ್ಲಿ ಎಲೆಯಡಿಕೆ ಮಡಿಸಿಕೊಡುತ್ತಿದ್ದವನೇ. ಹನುಮನಿಗೆ ಬೇರೆ ಕಸುಬು ಗೊತ್ತಿಲ್ಲ. ನಾಯಕ “ಎಲೆ” ಅಂದ. ಹನುಮ ಒಳಗಿನಿಂದ “ಬಂದೆ, ಬುದ್ಧಿ” ಅಂದ. ಸುಣ್ಣ ಒಣಗಿತ್ತು. ನೀರು ಹಾಕಿ ಕಲೆಸಿಕೊಂಡು ಬರುವಷ್ಟರಲ್ಲಿ ಬಟ್ಟಲು ಮುಳುಗಿತು, ಜಾಗಟೆಯೂ ಆಯಿತು.

“ಬರದೇ ‘ಬಂದೆ’ ಅಂದೆಯಲ್ಲ, ಅದು ಸುಳ್ಳು ತಾನೇ?” ಅಂದ ನಾಯಕ. “ಹೊತ್ತು ಹಾಳಾಗೋದೇ ಈ ಸುಳ್ಳಿನಿಂದ. ಬರದೇ ಬಂದೆ ಅಂದವರು ಯಾರೇ ಆಗಲಿ, ಗಡಿ ದಾಟಬೇಕು. ನಾಳೆ ಮಧ್ಯಾಹ್ನದ ಜಾಗಟೆಗೆ ನೀನು ಹೊರಡು.”

ಹನುಮ ಎಲೆಯಡಿಕೆಯ ಅಡಪ ಹಿಡಿದುಕೊಂಡೇ ಅತ್ತ. ಹೆಂಡತಿ ತುಂಬು ಬಸುರಿ, ಎಲ್ಲಿಗೆ ಕರಕೊಂಡು ಹೋಗಲಿ ಅಂದ. ಓಬಳಯ್ಯ ಮುಂದೆ ಬಂದ.

“ಯಾರೇ ಆಗಲಿ ಅಂದಿರಿ, ಬುದ್ಧಿ. ಡಂಗುರ ಹೊಡೆಸಲಾ?”

“ಹೊಡೆಸು. ನಾವೇ ಅಂದರೂ ಅದೇ ಶಿಕ್ಷೆ ಅಂತ ಸೇರಿಸು.”

ಓಬಳಯ್ಯ ಸೇರಿಸಿದ. ಡಂಗುರದವನನ್ನು ಕಳಿಸಿ ನೆಟ್ಟಗೆ ಒಳಮನೆಗೆ ಹೋದ. ಅಲ್ಲಿ ರಾಣಿ ಮಲ್ಲಾಜಮ್ಮ ಬಡಿಸಿದ ತಟ್ಟೆ ಮುಂದಿಟ್ಟುಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು.

“ಊಟ ಆಗಿಲ್ಲವೇ, ತಾಯಿ?”

“ಊಟಕ್ಕೆ ಬನ್ನಿ ಅಂತ ಅವರಿಗೆ ಹೇಳಿ ಕಳಿಸಿದ್ದೇನೆ. ‘ಬಂದೆ’ ಅಂದಿದ್ದಾರಂತೆ.”

“ಯಾವಾಗ ಅಂದರು?”

“ದಿನಾ ಅಂತಾರೆ. ಆ ಹಾಳು ಬಟ್ಟಲು ಬಂದಾಗಿನಿಂದ ನಾನು ಬಿಸಿ ಅನ್ನದ ಮುಖ ಕಂಡಿಲ್ಲ, ಓಬಳಯ್ಯ. ಅವರ ಮುಖವನ್ನೂ ಕಂಡಿಲ್ಲ.”

“ನಾಳೆ ಆಳಿನ ಕೈಲಿ ಹೇಳಿ ಕಳಿಸಬೇಡಿ. ನಾನು ಚಾವಡಿಯಲ್ಲಿ ಕೆಮ್ಮುತ್ತೇನೆ. ಆಗ ಬಾಗಿಲ ಹತ್ತಿರ ನಿಂತು ನೀವೇ ಕರೀರಿ, ಸ್ವಲ್ಪ ಜೋರಾಗಿ.”

ಮರುದಿನ ಮಧ್ಯಾಹ್ನ ಚಾವಡಿ ತುಂಬಿತ್ತು. ಹನುಮ ಗಂಟು ಕಟ್ಟಿಕೊಂಡು ಕಂಬದ ಪಕ್ಕ ನಿಂತಿದ್ದ. ಬಟ್ಟಲು ಅರ್ಧ ಮುಳುಗಿತ್ತು. ನಾಯಕ ಅದರಿಂದ ಕಣ್ಣು ಕೀಳಲಿಲ್ಲ. ಓಬಳಯ್ಯ ಕೆಮ್ಮಿದ.

“ಊಟಕ್ಕೆ ಬನ್ನೀ, ಅನ್ನ ಆರುತ್ತೆ,” ಅಂತ ಒಳಬಾಗಿಲಿನಿಂದ ರಾಣಿಯ ದನಿ ಕೇಳಿತು.

“ಬಂದೆ,” ಅಂದ ನಾಯಕ.

ಹಾಗಂದು ಅಲ್ಲೇ ಕೂತ. ಬಟ್ಟಲು ಪೂರ್ತಿ ಮುಳುಗಿತು. ಜಾಗಟೆಯವನು ಬಾರಿಸಲೋ ಬೇಡವೋ ಅಂತ ಓಬಳಯ್ಯನ ಮುಖ ನೋಡಿ, ಬಾರಿಸಿದ.

“ಹೊರಡು, ಹನುಮ,” ಅಂದ ನಾಯಕ.

“ತಡಿಯಪ್ಪ, ಹನುಮ,” ಅಂದ ಓಬಳಯ್ಯ. “ಒಬ್ಬನೇ ಹೋಗೋದು ಬೇಡ, ಬುದ್ಧಿಯವರೂ ಬರ್ತಾರೆ. ದಾರಿಯಲ್ಲಿ ಅವರಿಗೆ ಎಲೆ ಮಡಿಸಿಕೊಡೋಕೆ ಒಬ್ಬರು ಬೇಕಲ್ಲ.”

ಚಾವಡಿಯವರಿಗೆ ಈ ಸಲ ತಲೆದೂಗಬೇಕೋ ಬೇಡವೋ ತಿಳಿಯಲಿಲ್ಲ. ನಾಯಕನಿಗೆ ಮಾತು ಅರ್ಥವಾಗಲು ಸುಮಾರು ಹೊತ್ತು ಹಿಡಿಯಿತು. ಎಷ್ಟು ಅಂತ ಯಾರೂ ಅಳೆಯಲಿಲ್ಲ.

“ಅದು ರೂಢಿಯ ಮಾತಯ್ಯಾ,” ಅಂದ ಕೊನೆಗೆ. “ಬರ್ತೀನಿ ಅನ್ನೋದಕ್ಕೆ ಬಂದೆ ಅಂತೀವಿ.”

“ಹನುಮನೂ ಇದೇ ಊರಿನವನು, ಬುದ್ಧಿ. ಅವನಿಗೂ ಅದೇ ರೂಢಿ.”

“ನಾವು ನಿಜವಾಗಿ ಹೋಗೋರೇ ಇದ್ದೆವು.”

“ಹನುಮ ಬಂದೇಬಿಟ್ಟ, ಸುಣ್ಣ ಕಲೆಸಿಕೊಂಡು ಬಂದ. ತಮ್ಮ ‘ಬಂದೆ’ ಈ ಬಟ್ಟಲು ಬಂದ ಹುಣ್ಣಿಮೆಗೆ ಹೊರಟದ್ದು, ಇನ್ನೂ ಊಟದ ಮನೆ ಮುಟ್ಟಿಲ್ಲ. ‘ಬಂದೆ’ ಅಂದರೆ ಮನಸ್ಸು ಆಗಲೇ ಬಂತು, ಕಾಲು ಹಿಂದೆ ಬರ್ತಿದೆ ಅಂತ. ತಮ್ಮ ಮನಸ್ಸು ಬಟ್ಟಲಲ್ಲಿದೆ, ಕಾಲು ಇಲ್ಲೇ ಮಡಚಿಕೊಂಡಿದೆ.”

ನಾಯಕ ಒಳಬಾಗಿಲ ಕಡೆ ನೋಡಿದ. ಮಲ್ಲಾಜಮ್ಮ ಸೌಟು ಹಿಡಿದು ನಿಂತಿದ್ದರು. ಸ್ವಲ್ಪ ಸೊರಗಿದ್ದರು, ಅದೂ ಅವನಿಗೆ ಇವತ್ತೇ ಕಂಡದ್ದು.

“ಈಗೇನು ಮಾಡೋದು? ಡಂಗುರ ಬೇರೆ ಹೊಡೆಸಿದ್ದೀಯ.”

“ಬಂದೆ ಅಂದ ಜಾಗಕ್ಕೆ ಹೋಗಿಬಿಟ್ಟರೆ ಅಂದ ಮಾತು ನಿಜವಾಗುತ್ತೆ. ನಿಜ ಹೇಳಿದವರು ಗಡಿ ದಾಟಬೇಕು ಅಂತ ನಾನು ಡಂಗುರ ಹೊಡೆಸಿಲ್ಲ. ಹನುಮನ ಮಾತಂತೂ ನಿನ್ನೆಯೇ ನಿಜವಾಗಿದೆ.”

ನಾಯಕ ಏಳಲು ಹೋಗಿ, ಆಗದೆ ಕಂಬ ಹಿಡಿದ. ಕೂತೂ ಕೂತೂ ಜೋಮು ಹಿಡಿದಿತ್ತು.

“ಕಾಲ ಅಳೆಯೋಕೆ ಕೂತರೆ ಹೀಗೇ, ಬುದ್ಧಿ,” ಅಂದ ಓಬಳಯ್ಯ. “ಕಾಲು ಹೋಗುತ್ತೆ.”

ಆಗ ನಕ್ಕ ನಾಯಕ. ಹೊತ್ತು ಗೊತ್ತು ನೋಡದೆ ನಕ್ಕ. ಹನುಮನ ಗಂಟು ಬಿಚ್ಚಿಸಿ, ಕುಂಟುತ್ತಾ ಊಟದ ಮನೆ ಕಡೆ ಹೊರಟು, “ನಿನಗೇನು ಬೇಕೋ ಕೇಳು,” ಅಂದ ಓಬಳಯ್ಯನಿಗೆ.

“ಆ ಬಟ್ಟಲು ಕೊಡಿ.”

“ಅದು ನಿನಗೇತಕ್ಕೆ?”

“ತೂತು ಮುಚ್ಚಿಸಿದರೆ ಮಜ್ಜಿಗೆ ಕುಡಿಯೋಕೆ ಹೇಳಿ ಮಾಡಿಸಿದ ಹಾಗಿದೆ.”

ಕೆಲವು ದಿನ ಕಳೆದು ಹನುಮ ಓಬಳಯ್ಯನ ಮನೆ ಬಾಗಿಲಿಗೆ ಬಂದ. “ಬುದ್ಧಿಯವರು ಕರೀತಾರೆ, ಬೇಗ ಬರಬೇಕಂತೆ,” ಅಂದ. ಓಬಳಯ್ಯ ಊಟಕ್ಕೆ ಕೂತಿದ್ದ.

“ಬಂದೆ ಅಂತ ಹೇಳು,” ಅಂದು, ತೂತು ಮುಚ್ಚಿಸಿದ ಬಟ್ಟಲನ್ನು ಮಜ್ಜಿಗೆಗೆ ಹೆಂಡತಿಯ ಮುಂದೆ ಚಾಚಿದ. “ಹನುಮನಿಗೂ ಒಂದು ತಟ್ಟೆ ಹಾಕು. ಅವನು ಉಂಡು, ಅಲ್ಲಿಗೆ ಹೋಗಿ ಹೇಳೋವರೆಗೂ ನಾನಿನ್ನೂ ‘ಬಂದೆ’ ಅಂದ ಹಾಗಾಗಲ್ಲ.”