ಸವತಿಗುಂಡು

ಬರೆಯಲು ಕೂತರೆ ಸಾಕು, ನನ್ನ ಮಗಳು ಚುಕ್ಕಿಗೆ ಬಾಯಾರಿಕೆಯಾಗುತ್ತದೆ, ಜಡೆ ಬಿಚ್ಚಿಹೋಗುತ್ತದೆ. ಮೂರು ಸಲ ಎಬ್ಬಿಸಿದ್ದಾಳೆ. ಈಗ ಪಕ್ಕದಲ್ಲೇ ಕೂರಿಸಿಕೊಂಡಿದ್ದೇನೆ, ಬಾಯಿ ಬಿಡಕೂಡದೆಂದು ಹೇಳಿ.

ನಮ್ಮೂರ ಬೆಟ್ಟದ ನೆತ್ತಿಯಲ್ಲಿ ಎರಡು ದೊಡ್ಡ ಗುಂಡುಗಳು ಬೆನ್ನಿಗೆ ಬೆನ್ನು ಮಾಡಿ ಕೂತಿವೆ. ಒಂದರ ಮುಖ ಮೂಡಲಿಗೆ, ಇನ್ನೊಂದರದು ಪಡುವಲಿಗೆ. ನಡುವೆ ಮನುಷ್ಯನೊಬ್ಬ ಮೈ ಓರೆಮಾಡಿ ನುಸುಳುವಷ್ಟು ಬಿರುಕು. ಇದು ಸವಿತೃಗುಂಡು, ಸವಿತೃವೆಂದರೆ ಸೂರ್ಯ ಎಂದು ಶಾಲೆಯ ಮೇಷ್ಟ್ರು ಹೇಳುತ್ತಾರೆ. ಓದಿದವರು, ಹೇಳಲಿ. ಹತ್ತನೆಯ ತರಗತಿಗೇ ನಿಂತ ನನಗೆ ನಮ್ಮತ್ತೆ ಹೇಳುವ ಸವತಿಗುಂಡೇ ಸರಿ.

ಹಿಂದೆ ಒಮ್ಮೆ ಇಲ್ಲಿ ಪಾಲಯ್ಯನೆಂಬ ಕಾವಲುಗಾರನಿದ್ದನಂತೆ. ದೊಡ್ಡ ಚಳಿಜ್ವರ ಬಂದುಹೋದ ಮೇಲೆ ಅವನ ಮೈಯಲ್ಲಿ ಕಾವೇ ಹುಟ್ಟುತ್ತಿರಲಿಲ್ಲ. ಬಿಸಿಲಿಗೆ ಕಾದ ಕಲ್ಲಿಗೆ ಎದೆಯೊತ್ತಿ ಮಲಗಿದರಷ್ಟೇ ಕೈಕಾಲು ಆಡುತ್ತಿದ್ದವು. ಹಿರಿಯ ಹೆಂಡತಿ ದುರುಗವ್ವ ಮೂಡಲ ಗುಂಡಿನ ಬುಡದಲ್ಲೂ ಕಿರಿಯಳು ಕೆಂಚವ್ವ ಪಡುವಲ ಗುಂಡಿನ ಬುಡದಲ್ಲೂ ಗುಡಿಸಲು ಹಾಕಿದ್ದರು. ಬೆಳಗಿನ ಬಿಸಿಲಲ್ಲಿ ಅವನು ಹಿರಿಯಳ ಕಡೆ. ಕಲ್ಲು ಸುಡತೊಡಗಿದರೆ ನಡುವಿನ ಬಿರುಕಿನ ನೆರಳಲ್ಲಿ. ಇಳಿಹೊತ್ತಿಗೆ ಕಿರಿಯಳ ಕಡೆ. ಕತ್ತಲಾದರೆ ಮತ್ತೆ ಬಿರುಕಿಗೇ, ಅಲ್ಲಿ ಕಲ್ಲು ಬೆಳಗಿನತನಕ ಜೀವ ಉಳಿಯುವಷ್ಟು ಕಾವು ಹಿಡಿದಿರುತ್ತಿತ್ತು.

ಹಂಚಿಕೆ ಸಮವೇ. ಆದರೂ ದುರುಗವ್ವನ ಹೊಟ್ಟೆ ಉರಿಯುತ್ತಿತ್ತು. ತನ್ನ ಬಳಿಗೆ ಅವನು ಮಂಕಾಗಿ, ಮಾತಿಲ್ಲದೆ ಬರುತ್ತಿದ್ದ; ಮೈ ಕಾದು ನಾಲಿಗೆ ಸಡಿಲವಾಗುವ ಹೊತ್ತಿಗೆ ಎದ್ದು ಹೋಗುತ್ತಿದ್ದ. ನಗು, ಹಾಡು ಎಲ್ಲ ಕೆಂಚವ್ವನ ಪಾಲು. "ಕಾಸೋಳು ನಾನು, ಉಣ್ಣೋಳು ಅವಳು" ಎಂದು ಕಲ್ಲಿಗೂ ಕೇಳಿಸುವಂತೆ ಗೊಣಗುತ್ತಿದ್ದಳು ಎನ್ನುತ್ತಾರೆ. ಒಂದು ಮಾಗಿಯ ಮಧ್ಯಾಹ್ನ, ಕೆಂಚವ್ವ ಸೌದೆಗೆ ಹೋದದ್ದು ನೋಡಿ, ಬಂಡೆಯಲ್ಲಿ ಮಳೆನೀರು ನಿಲ್ಲುವ ದೊಣೆಯಿಂದ ಏಳು ಕೊಡ ನೀರು ಹೊತ್ತು ಪಡುವಲ ಗುಂಡಿಗೆ ಸುರಿದಳು. ಅಲ್ಲಿ ತಣ್ಣಗಿದ್ದರೆ ಗಂಡ ತನ್ನ ಕಡೆಗೇ ತಿರುಗಿ ಬರುತ್ತಾನೆಂಬುದು ಅವಳ ಲೆಕ್ಕ. ಇಳಿಹೊತ್ತಿಗೆ ತನ್ನ ಗುಂಡಿನ ಮೇಲೆಯೂ ಬಿಸಿಲಿರುವುದಿಲ್ಲ ಎಂಬುದನ್ನು ಉರಿಯಲ್ಲಿ ಮರೆತಿದ್ದಳು.

ಪಾಲಯ್ಯ ಆ ಕಲ್ಲು ಮುಟ್ಟಿದ, ಈ ಕಲ್ಲು ಮುಟ್ಟಿದ. "ಎರಡೂ ತಣ್ಣಗವೆಯಲ್ಲೇ ದುರುಗಿ, ನಾನೆಲ್ಲಿಗೆ ಹೋಗ್ಲಿ?" ಎಂದು ನಡುಗುತ್ತ ಬಿರುಕಿಗೆ ನುಸುಳಿದ. ಹೆಂಡಿರಿಬ್ಬರೂ ಕೂಗಿದರು. ಅವನು ಹೊರಬರಲಿಲ್ಲ.

ಮರುದಿನ ಬಿಸಿಲು ಬಿದ್ದಾಗ ಬಿರುಕಿನಿಂದ ಒಂದು ಓತಿಕ್ಯಾತ ತೆವಳಿ ಬಂದು ಮೂಡಲ ಗುಂಡಿನ ಮೇಲೆ ಚಪ್ಪಟೆಯಾಗಿ ಮಲಗಿತು. ಮೈ ಕಾದಂತೆ ಅದರ ಬೂದು ಬೆನ್ನು ಕೆಂಪೇರಿತು. "ಬಂದ. ಮೊದಲು ನನ್ ಹತ್ರಾನೇ ಬಂದ" ಎಂದಳು ದುರುಗವ್ವ. ಕೆಂಚವ್ವ ಕಣ್ಣೊರೆಸಿಕೊಂಡು, "ಕಾಸಿ ಕಳಿಸಕ್ಕ" ಎಂದಳಂತೆ.

ಇಂದಿಗೂ ಬೆಟ್ಟ ಹತ್ತಿದವರು ನೋಡಬಹುದು: ಬೆಳಿಗ್ಗೆ ಓತಿಕ್ಯಾತಗಳು ಮೂಡಲ ಗುಂಡಿನ ಮೇಲೆ, ಉರಿಬಿಸಿಲಿಗೆ ಬಿರುಕಿನಲ್ಲಿ, ಇಳಿಹೊತ್ತಿಗೆ ಪಡುವಲಲ್ಲಿ. ಪಡುವಲ ಗುಂಡಿನ ಮೇಲೆ ನೀರಿಳಿದ ಕಪ್ಪು ಗೆರೆಗಳೂ ಇವೆ. ಗಂಡನ ಮೇಲೆ ಅನುಮಾನ ಬಂದವಳು ಅಲ್ಲಿ ಒಂದು ಕೊಡ ಸುರಿದು ಬರುವುದು ನಮ್ಮೂರ ವಾಡಿಕೆ. ನಾನೂ ಒಮ್ಮೆ ಸುರಿದಿದ್ದೇನೆ. ಯಾರನ್ನು ನೆನೆದೆನೆಂದು ಇಲ್ಲಿ ಬರೆಯುವುದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ, ಪಕ್ಕದಿಂದ ಇಣುಕಿ ಓದುತ್ತಿದ್ದ ಚುಕ್ಕಿ ಮತ್ತೆ ಬಾಯಿ ಬಿಟ್ಟಳು.

"ಅವ್ವಾ, ಅವನು ಬರ್ತಿದ್ದದ್ದು ಹೆಂಡ್ತಿ ಹತ್ರಕ್ಕಾ, ಬಿಸಿಕಲ್ಲಿನ ಹತ್ರಕ್ಕಾ?"