ಹಿತ್ತಲ ಕೋಣೆಯ ಸ್ಪೀಕರ್

ಕಪಿಲಾ ನದಿಯ ದಡದ ಆಶ್ರಮದಲ್ಲಿ ಗುರುಪಾದಯ್ಯನವರು ಪ್ರತಿ ಬೆಳಿಗ್ಗೆ ನಾಲ್ಕು ಮಾತು ಹೇಳುತ್ತಿದ್ದರು.

ವಯಸ್ಸಾಗಿ ಅವರ ದನಿ ಕುಗ್ಗಿತ್ತು. ಅದಕ್ಕೆಂದೇ ಶಿಷ್ಯ ಮರಿಸಿದ್ದ ಒಂದು ಆಂಪ್ಲಿಫೈಯರ್ ತಂದು ಎರಡು ಸ್ಪೀಕರ್ ಜೋಡಿಸಿದ್ದ. ಒಂದು ಮಂದಿರಕ್ಕೆ, ಇನ್ನೊಂದು ಹಿತ್ತಲ ಕೋಣೆಯ ಕೆಂಪಾಜಮ್ಮನಿಗೆ.

ಆ ಮುದುಕಿ ಲಕ್ವ ಹೊಡೆದು ಮಲಗಿದ್ದಳು. ಬಾಯಿ ಬಿದ್ದುಹೋಗಿತ್ತು. ಕಿವಿ ಮಾತ್ರ ಚೆನ್ನಾಗಿತ್ತು.

ಆಶ್ರಮಕ್ಕೆ ಬರುವ ಮುಂಚೆ ಮರಿಸಿದ್ದ ಮದುವೆಮನೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದವನು.

ಭಕ್ತರು ಹೆಚ್ಚಾದರು. ಅಡುಗೆಮನೆಯವರು ತಮಗೂ ಕೇಳಬೇಕೆಂದರು. ನದಿಯ ಮೆಟ್ಟಿಲ ಮೇಲೆ ಕೂರುವವರೂ ಹಾಗೇ ಅಂದರು. ಮರಿಸಿದ್ದ ಯಾರಿಗೂ ಇಲ್ಲವೆನ್ನಲಿಲ್ಲ. ಅದೇ ಆಂಪ್ಲಿಫೈಯರಿನಿಂದ ತಂತಿ ಎಳೆಯುತ್ತ ಹೋದ.

"ಅದು ತಡೆಯುತ್ತೇನಪ್ಪ?" ಎಂದರು ಗುರುಗಳು.

"ಸ್ಪೀಕರ್ ಕೂಡಿಸಿದಷ್ಟೂ ಭಾರ ಬೀಳುತ್ತೆ ಬುದ್ಧಿ. ಸ್ವಲ್ಪ ಬಿಸಿಯಾಗ್ತಿದೆ. ಆದರೆ ತಮ್ಮ ಮಾತು ಎಲ್ಲ ಕಡೆ ಕೇಳ್ತಿದೆಯಲ್ಲ."

ಗುರುಗಳು ಮೈಕಿನ ಮುಂದೆ ಹೋಗಿ ಕೂತರು.

ಸಂಕ್ರಾಂತಿಯ ಬೆಳಿಗ್ಗೆ, ಮಾತಿನ ನಡುವೆ ಸುಟ್ಟ ವಾಸನೆ ಬಂತು. ಸ್ಪೀಕರುಗಳೆಲ್ಲ ಒಟ್ಟಿಗೆ ನಿಂತವು.

ಮಂದಿರದಲ್ಲಿದ್ದವರು ಮುಂದೆ ಸರಿದು ಕೂತರು. ಅಡುಗೆಯವರು ಕೈ ಒರೆಸಿಕೊಂಡು ಬಂದರು. ಮೆಟ್ಟಿಲ ಮೇಲಿದ್ದವರೂ ಎದ್ದು ಬಂದರು. ಗುರುಗಳು ಮಾತು ಮುಂದುವರಿಸಿದರು.

ಮರಿಸಿದ್ದ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತವನು ಸಂಜೆಯಾದರೂ ಏಳಲಿಲ್ಲ. ಹಬ್ಬದ ಗಡಿಬಿಡಿ. ಕೆಂಪಾಜಮ್ಮನಿಗೆ ಯಾರಾದರೂ ಗಂಜಿ ಕೊಟ್ಟಿರುತ್ತಾರೆ ಎಂದು ಎಲ್ಲರೂ ಅಂದುಕೊಂಡರು.

ದೀಪ ಹಚ್ಚುವ ಹೊತ್ತಿಗೆ ಅವನು ಹಿತ್ತಲ ಕೋಣೆಗೆ ಹೋದ.

ಅವಳು ಮಂಚದಿಂದ ಬಿದ್ದಿದ್ದಳು. ಸ್ವಾಧೀನವಿದ್ದ ಒಂದೇ ಕೈ ಊರಿ ಬಾಗಿಲವರೆಗೆ ತೆವಳಿದ್ದಳು. ತಲೆ ಹೊಸ್ತಿಲ ಮೇಲಿತ್ತು. ಮೈ ತಣ್ಣಗಾಗಿತ್ತು.

ಗುರುವೂ ಶಿಷ್ಯನೂ ತಾವೇ ಗುಂಡಿ ತೋಡಿದರು.

"ತಪ್ಪು ನನ್ನದು ಬುದ್ಧಿ," ಮರಿಸಿದ್ದ ಬಿಕ್ಕಿದ. "ಅದು ತಡೆಯಲ್ಲ ಅಂತ ನನಗೆ ಗೊತ್ತಿತ್ತು."

"ಸುಟ್ಟಿದ್ದು ಆಂಪ್ಲಿಫೈಯರ್," ಎಂದರು ಗುರುಗಳು. "ನನ್ನ ಕಾಲಿಗೆ ಏನಾಗಿತ್ತು?"

ಆಮೇಲೆ ಅವರು ಬಾಗಿ ಗುಂಡಿಗೆ ಮಣ್ಣು ಎಳೆದರು.

ಕೆಲವು ದಿನ ಕಳೆದು ಭಕ್ತರೊಬ್ಬರು ಹೊಸ ಆಂಪ್ಲಿಫೈಯರ್ ತಂದುಕೊಟ್ಟರು. ಮರಿಸಿದ್ದ ಅದನ್ನು ಗುರುಗಳ ಮುಂದಿಟ್ಟ. ಈ ಸಲ ತಾನಾಗಿ ತಂತಿ ಮುಟ್ಟಲಿಲ್ಲ.

"ಇದು ದೊಡ್ಡದು ಬುದ್ಧಿ, ಬೇಕಾದಷ್ಟು ತಡೆಯುತ್ತೆ. ಎಷ್ಟು ಕೋಣೆಗೆ ಸ್ಪೀಕರ್ ಹಾಕಲಿ?"

ಗುರುಗಳು ಅವನ ಮುಖವನ್ನೇ ನೋಡಿದರು.

"ದಿನಾ ನೀನು ಎಷ್ಟು ಕೋಣೆಗೆ ನಡೆದು ಹೋಗ್ತೀಯೋ, ಅಷ್ಟಕ್ಕೆ."